‘ಮನುಷ್ಯ’ ಎಂಬ ಪದದೊಳಗೆ ಯಾರ್ಯಾರಿದ್ದಾರೆ?

1948ರ ಡಿಸೆಂಬರ್ 10ರಂದು ಪ್ಯಾರಿಸಿನ ಶಾಯೊ ಅರಮನೆಯಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಒಂದು ದಾಖಲೆಗೆ ಒಪ್ಪಿಗೆ ಕೊಟ್ಟಿತು. 48 ದೇಶಗಳ ಮತ ಪರವಾಗಿ ಬಿತ್ತು, ವಿರೋಧವಾಗಿ ಒಂದೂ ಬೀಳಲಿಲ್ಲ, 8 ದೇಶಗಳು ತಟಸ್ಥವಾಗಿ ಉಳಿದವು. ನಾವು ‘ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ’ ಎನ್ನುವುದು ಅದನ್ನೇ. ಅದರ ಇಂಗ್ಲಿಷ್ ಮತ್ತು ಫ್ರೆಂಚ್ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಲು ಕೂತರೆ ತಲೆಬರಹದಲ್ಲೇ ಕಣ್ಣು ನಿಲ್ಲುತ್ತದೆ. ಇಂಗ್ಲಿಷ್ ಪ್ರತಿ ‘ಹ್ಯೂಮನ್ ರೈಟ್ಸ್’ ಎನ್ನುತ್ತದೆ. ಫ್ರೆಂಚ್ ಪ್ರತಿ ‘ದ್ರುಆ ದ ಲೊಮ್’, ಅಂದರೆ ‘ಒಮ್’ನ ಹಕ್ಕುಗಳು ಎನ್ನುತ್ತದೆ. ಫ್ರೆಂಚಿನಲ್ಲಿ ‘ಒಮ್’ ಎಂದರೆ ಮನುಷ್ಯ. ‘ಒಮ್’ ಎಂದರೆ ಗಂಡಸು ಕೂಡ.

ತಲೆಬರಹ ದಾಟಿ ಮೊದಲನೆಯ ವಿಧಿಗೆ ಬಂದರೆ ಫ್ರೆಂಚ್ ಪ್ರತಿಯ ಮಾತೇ ಬದಲಾಗುತ್ತದೆ. ಹುಟ್ಟಿನಿಂದಲೇ ಸ್ವತಂತ್ರರು, ಘನತೆಯಲ್ಲಿ ಸಮಾನರು ಎಂದು ಅಲ್ಲಿ ಹೇಳಿರುವುದು ‘ಒಮ್’ಗಳ ಬಗ್ಗೆ ಅಲ್ಲ, ‘ಎತ್ರ್ ಯುಮ್ಯಾಂ’ಗಳ ಬಗ್ಗೆ, ಮಾನವ ಜೀವಿಗಳ ಬಗ್ಗೆ. ಒಂದೇ ಕಾಗದದಲ್ಲಿ ತಲೆಬರಹಕ್ಕೆ ಒಂದು ಪದ, ಒಳಗಿನ ವಾಕ್ಯಕ್ಕೆ ಇನ್ನೊಂದು. ಈ ಎರಡು ಪದಗಳ ನಡುವೆ ನೂರೈವತ್ತು ವರ್ಷಗಳ ಹೋರಾಟವಿದೆ. ನಿಘಂಟಿನಲ್ಲಿ ‘ಹ್ಯೂಮನ್’ ಎದುರಿಗೆ ‘ಯುಮ್ಯಾಂ’ ಎಂದೋ ‘ಮ್ಯಾನ್’ ಎದುರಿಗೆ ‘ಒಮ್’ ಎಂದೋ ಬರೆದು ಮುಂದೆ ಹೋಗಬಹುದು. ಆದರೆ ಆ ಪದಗಳ ಒಳಗೆ ಯಾರು ಸೇರಿದ್ದಾರೆ ಎಂಬುದನ್ನು ನಿಘಂಟು ತೀರ್ಮಾನಿಸಲಿಲ್ಲ. ಹೊರಗೆ ನಿಲ್ಲಿಸಿದವರು ಬಾಗಿಲು ಬಡಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ತೀರ್ಮಾನವಾಗುತ್ತ ಬಂತು.

ಮಣ್ಣಿನ ಬೇರು

ಲ್ಯಾಟಿನ್ ಭಾಷೆಯಲ್ಲಿ ಪದಗಳು ಬೇರೆಬೇರೆಯಾಗಿದ್ದವು. ಮನುಷ್ಯರಿಗೆ ‘ಹೋಮೋ’, ಗಂಡಸಿಗೆ ‘ವಿರ್’, ಹೆಂಗಸಿಗೆ ‘ಫೆಮಿನಾ’ ಅಥವಾ ‘ಮುಲಿಯೆರ್’. ‘ಹೋಮೋ’ಗೂ ನೆಲ, ಮಣ್ಣು ಎಂಬ ಅರ್ಥದ ‘ಹ್ಯೂಮಸ್’ಗೂ ಬೇರು ಒಂದೇ ಎನ್ನುತ್ತಾರೆ ಪದಗಳ ಹುಟ್ಟು ಹುಡುಕುವವರು. ದೇವರುಗಳು ಮೇಲಿನವರು, ಮನುಷ್ಯರು ನೆಲದವರು ಎಂಬ ಪ್ರಾಚೀನರ ತಿಳಿವಳಿಕೆ ಆ ಪದದಲ್ಲಿದೆ. ಅಲ್ಲಿ ಗಂಡು ಹೆಣ್ಣು ಎಂಬ ಭೇದವಿರಲಿಲ್ಲ.

ಲ್ಯಾಟಿನ್ ನಿಧಾನವಾಗಿ ಫ್ರೆಂಚ್ ಆಗುತ್ತ ಹೋದ ಶತಮಾನಗಳಲ್ಲಿ ‘ವಿರ್’ ಬಳಕೆಯಿಂದ ಬಿದ್ದುಹೋಯಿತು. ‘ಹೋಮೋ’ದಿಂದ ಹುಟ್ಟಿದ ‘ಒಮ್’ ಅದರ ಜಾಗವನ್ನೂ ತೆಗೆದುಕೊಂಡಿತು. ಹೀಗೆ ಎಲ್ಲರನ್ನೂ ಕರೆಯುವ ಪದವೂ ಗಂಡಸನ್ನು ಕರೆಯುವ ಪದವೂ ಒಂದೇ ಆದವು. ‘ಫೆಮಿನಾ’ದಿಂದ ಬಂದ ‘ಫಾಮ್’ ಹೆಂಗಸು, ಹೆಂಡತಿ ಎರಡೂ ಆಯಿತು. ಗಂಡನಿಗೆ ಮಾತ್ರ ‘ಮಾರಿ’ ಎಂಬ ಬೇರೆಯೇ ಪದ ಉಳಿಯಿತು. ‘ಹೋಮೋ’ದ ಇನ್ನೊಂದು ಕವಲು ಸರ್ವನಾಮವಾಗಿ ಬೆಳೆಯಿತು. ಫ್ರೆಂಚರು ದಿನಕ್ಕೆ ನೂರು ಸಲ ಆಡುವ ‘ಒಂ’ ಎಂಬ ಪುಟ್ಟ ಪದ ಅದೇ. ಯಾರೋ ಹೇಳಿದರು, ಜನ ಹೀಗೆ ಮಾಡುತ್ತಾರೆ, ನಾವು ಹೋಗೋಣ ಎಂಬ ಮಾತುಗಳನ್ನೆಲ್ಲ ಅದೊಂದೇ ಪದ ಹೊರುತ್ತದೆ. ಇವತ್ತು ಅದನ್ನು ಬಳಸುವ ಹೆಂಗಸಿಗಾಗಲಿ ಮಗುವಿಗಾಗಲಿ ಅದರೊಳಗೆ ಗಂಡಸು ಕಾಣುವುದಿಲ್ಲ.

ಇಂಗ್ಲಿಷ್ ಬೇರೆ ಕುಲದ ಭಾಷೆ. ಆದರೂ ಅದು ನಡೆದದ್ದು ಇದೇ ದಾರಿಯಲ್ಲಿ. ಹಳೆಯ ಇಂಗ್ಲಿಷಿನಲ್ಲಿ ‘ಮನ್’ ಎಂದರೆ ಮನುಷ್ಯ, ಯಾರಾದರೂ ಸರಿ. ಗಂಡಸಿಗೆ ‘ವೆರ್’, ಹೆಂಗಸಿಗೆ ‘ವೀಫ್’. ‘ವೀಫ್‌ಮನ್’ ಸವೆದು ‘ವುಮನ್’ ಆಯಿತು. ‘ವೆರ್’ ಮಾತ್ರ ಲ್ಯಾಟಿನ್ನಿನ ‘ವಿರ್’ನಂತೆಯೇ ಕಳೆದುಹೋಯಿತು. ತೋಳವಾಗುವ ಮನುಷ್ಯನ ಕಥೆಯ ‘ವೇರ್‌ವುಲ್ಫ್’ನಲ್ಲಿ ಅದರ ಚೂರೊಂದು ಉಳಿದಿದೆ. ಮನುಷ್ಯರ ಕಾಲ ಎಂಬ ಅರ್ಥದಲ್ಲಿ ಹುಟ್ಟಿದ ‘ವರ್ಲ್ಡ್’ ಎಂಬ ಪದದಲ್ಲಿ ಇನ್ನೊಂದು ಚೂರಿದೆ. ಖಾಲಿಯಾದ ಸ್ಥಾನಕ್ಕೆ ಇಲ್ಲಿಯೂ ‘ಮ್ಯಾನ್’ ಬಂತು. ಒಂದು ಕಡಲ್ಗಾಲುವೆಯ ಎರಡು ದಡಗಳಲ್ಲಿ ಸಂಬಂಧವಿಲ್ಲದ ಎರಡು ಪದಗಳು ಒಂದೇ ರೀತಿ ಹಿಗ್ಗಿ, ಒಂದೇ ರೀತಿ ಕುಗ್ಗಿದವು. ಗಂಡಸೇ ಮನೆಯ, ಊರಿನ, ರಾಜ್ಯದ ಲೆಕ್ಕ ಹಿಡಿಯುತ್ತಿದ್ದ ಕಾಲದ ಗುರುತು ಇದು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ, ನ್ಯಾಯಾಲಯದ ಭಾಷೆ ಫ್ರೆಂಚ್ ಆಯಿತು. ಮುಂದಿನ ಶತಮಾನಗಳಲ್ಲಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಇಳಿದವು. ಅವುಗಳಲ್ಲಿ ‘ಯುಮ್ಯಾಂ’ ಎಂಬ ಗುಣವಾಚಕವೂ ಒಂದು. ಇಂಗ್ಲಿಷ್ ಅದನ್ನು ‘ಹ್ಯೂಮನ್’ ಮಾಡಿಕೊಂಡಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅದನ್ನೇ ಎರಡಾಗಿ ಸೀಳಿ, ಮನುಷ್ಯ ಸಂಬಂಧಿಯಾದದ್ದಕ್ಕೆ ‘ಹ್ಯೂಮನ್’, ದಯೆಯುಳ್ಳದ್ದಕ್ಕೆ ‘ಹ್ಯುಮೇನ್’ ಎಂದು ಬೇರೆಬೇರೆ ಕೆಲಸ ಕೊಟ್ಟಿತು. ಫ್ರೆಂಚಿನಲ್ಲಿ ಇಂದಿಗೂ ಎರಡಕ್ಕೂ ‘ಯುಮ್ಯಾಂ’ ಒಂದೇ. ಮನುಷ್ಯನಾಗಿರುವುದೂ ಕರುಣೆಯಿಂದಿರುವುದೂ ಅಲ್ಲಿ ಒಂದೇ ಉಸಿರಿನ ಮಾತು.

ಹೀಗೆ ಸಾಲ ತಂದ ಪದದಿಂದ ಇಂಗ್ಲಿಷಿಗೆ ದೊಡ್ಡ ಅನುಕೂಲವಾಯಿತು. ‘ಮ್ಯಾನ್’ ಗಂಡಸಿನ ಕಡೆ ವಾಲಿದಾಗ ‘ಹ್ಯೂಮನ್’ ಎಲ್ಲರಿಗೂ ಸಲ್ಲುವ ಪದವಾಗಿ ಕೈಗೆ ಸಿಕ್ಕಿತು. ಅದನ್ನು ಕೊಟ್ಟ ಫ್ರೆಂಚ್ ಭಾಷೆ ತನ್ನ ಅತಿ ದೊಡ್ಡ ರಾಜಕೀಯ ಪದಪುಂಜವನ್ನು ಕಟ್ಟುವಾಗ ಅದನ್ನು ಬಳಸಲಿಲ್ಲ.

‘ಸಾರ್ವತ್ರಿಕ’ದ ಹೊರಗೆ

1789ರ ಆಗಸ್ಟ್ 26ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ‘ಒಮ್’ನ ಮತ್ತು ನಾಗರಿಕನ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಹದಿನೇಳು ವಿಧಿಗಳ ಆ ಘೋಷಣೆ ಅರಸೊತ್ತಿಗೆಯ ಬುಡ ಅಲುಗಿಸಿತು. ಅಲ್ಲಿ ‘ಒಮ್’ ಎಂದರೆ ಮನುಕುಲವೇ ಎಂದು ಅಂದಿನವರೂ ಹೇಳಿದರು, ಇಂದಿನವರೂ ಹೇಳುತ್ತಾರೆ. ಆದರೆ ಹೆಂಗಸರಿಗೆ ಮತದ ಹಕ್ಕು ಸಿಗಲಿಲ್ಲ. ಮನುಕುಲದ ಹೆಸರು ಹೊತ್ತ ಪದ ಕೆಲಸಕ್ಕೆ ಇಳಿದಾಗ ಗಂಡಸಾಗಿತ್ತು.

ಇದನ್ನು ಎಲ್ಲರಿಗಿಂತ ನೇರವಾಗಿ ಹೇಳಿದವಳು ಒಲಾಂಪ್ ದ ಗೂಜ್. ದಕ್ಷಿಣ ಫ್ರಾನ್ಸಿನ ಮೊಂತೊಬಾಂ ಊರಿನಿಂದ ಪ್ಯಾರಿಸಿಗೆ ಬಂದು ನಾಟಕ ಬರೆದವಳು, ಗುಲಾಮಗಿರಿಯ ವಿರುದ್ಧ ರಂಗದ ಮೇಲೆ ಮಾತಾಡಿದವಳು. 1791ರ ಸೆಪ್ಟೆಂಬರಿನಲ್ಲಿ ಆಕೆ ಹೆಣ್ಣಿನ ಮತ್ತು ನಾಗರಿಕಳ ಹಕ್ಕುಗಳ ಘೋಷಣೆಯನ್ನು ಪ್ರಕಟಿಸಿದಳು. 1789ರ ಘೋಷಣೆಯ ವಿಧಿಗಳನ್ನೇ ಒಂದೊಂದಾಗಿ ಎತ್ತಿಕೊಂಡು ಅಲ್ಲಿಗೆ ಹೆಣ್ಣನ್ನು ತಂದು ನಿಲ್ಲಿಸಿದಳು. ವಧಾಸ್ತಂಭ ಹತ್ತುವ ಹಕ್ಕು ಹೆಣ್ಣಿಗೆ ಇದೆ ಎಂದ ಮೇಲೆ ಭಾಷಣದ ವೇದಿಕೆ ಹತ್ತುವ ಹಕ್ಕೂ ಇರಬೇಕು ಎಂಬುದು ಹತ್ತನೆಯ ವಿಧಿಯಲ್ಲಿ ಆಕೆ ಮಂಡಿಸಿದ ವಾದ. 1793ರ ನವೆಂಬರ್ 3ರಂದು ಆಕೆಯನ್ನು ಗಿಲೊಟಿನ್‌ಗೆ ಒಯ್ದರು. ಎರಡು ಹಕ್ಕುಗಳಲ್ಲಿ ಒಂದನ್ನು ಮಾತ್ರ ಆ ಗಣರಾಜ್ಯ ಆಕೆಗೆ ಕೊಟ್ಟಿತು.

ಹೊರಗೆ ನಿಂತವರಲ್ಲಿ ಹೆಂಗಸರಷ್ಟೇ ಇರಲಿಲ್ಲ. ಫ್ರಾನ್ಸಿನ ಕೆರಿಬಿಯನ್ ವಸಾಹತು ಸಾಂ ದೊಮಿಂಗ್‌ನಲ್ಲಿ ಕಬ್ಬಿನ ತೋಟಗಳ ಗುಲಾಮರು 1791ರ ಆಗಸ್ಟಿನಲ್ಲಿ ದಂಗೆ ಎದ್ದರು. 1794ರ ಫೆಬ್ರವರಿಯಲ್ಲಿ ಪ್ಯಾರಿಸ್ ಗುಲಾಮಗಿರಿಯನ್ನು ರದ್ದು ಮಾಡಿತು, 1802ರಲ್ಲಿ ನೆಪೋಲಿಯನ್ ಅದನ್ನು ಮರಳಿ ತಂದ. ಸಾಂ ದೊಮಿಂಗ್‌ನವರು ಹೋರಾಡಿ 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿಕೊಂಡರು. ಉಳಿದ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಯಾಗಲು 1848ರ ಏಪ್ರಿಲ್ ಬರಬೇಕಾಯಿತು.

ಅದೇ 1848ರಲ್ಲಿ ಫ್ರಾನ್ಸ್ ‘ಸಾರ್ವತ್ರಿಕ ಮತಾಧಿಕಾರ’ವನ್ನೂ ಸಾರಿತು. ಮತ ಸಿಕ್ಕಿದ್ದು ವಯಸ್ಕ ಗಂಡಸರೆಲ್ಲರಿಗೆ, ಕಾಗದದಲ್ಲಿ ಬರೆದದ್ದು ‘ಸಾರ್ವತ್ರಿಕ’ ಎಂದು. ಫ್ರೆಂಚ್ ಮಹಿಳೆಯರಿಗೆ ಮತದ ಹಕ್ಕು ದೊರೆತದ್ದು 1944ರ ಏಪ್ರಿಲ್ 21ರ ಆದೇಶದಿಂದ. ಅವರು ಮೊದಲು ಮತ ಹಾಕಿದ್ದು 1945ರ ಏಪ್ರಿಲ್ 29ರ ಸ್ಥಳೀಯ ಚುನಾವಣೆಯಲ್ಲಿ. ‘ಎಲ್ಲರೂ’ ಎಂಬ ಮಾತು ಅರ್ಧದಷ್ಟು ಜನರನ್ನು ಬಿಟ್ಟು ಒಂದು ಶತಮಾನ ನಡೆಯಿತು.

‘ವ್ಯಕ್ತಿ’ ಎಂದರೆ ಯಾರು?

ಇಂಗ್ಲಿಷ್ ಮಾತಾಡುವವರ ಕಾನೂನೂ ಇದೇ ಬೇಲಿ ಹಾಕಿಕೊಂಡಿತ್ತು. ಅಲ್ಲಿ ಜಗಳ ಎದ್ದದ್ದು ‘ಪರ್ಸನ್’ ಎಂಬ ಪದದ ಮೇಲೆ. ಅದರ ಮೂಲ ಲ್ಯಾಟಿನ್ನಿನ ‘ಪೆರ್ಸೋನಾ’, ನಟ ಧರಿಸುವ ಮುಖವಾಡ. ಫ್ರೆಂಚಿಗೆ ಬಂದು ಅದು ‘ಪೆರ್ಸೊನ್’ ಆಯಿತು. ಅಲ್ಲಿ ಅದಕ್ಕೊಂದು ವಿಚಿತ್ರ ಗುಣ: ‘ಒಬ್ಬ ವ್ಯಕ್ತಿ’ ಎನ್ನಲೂ ಅದೇ ಪದ, ನಿಷೇಧ ವಾಕ್ಯದಲ್ಲಿ ‘ಯಾರೂ ಇಲ್ಲ’ ಎನ್ನಲೂ ಅದೇ ಪದ. ಕಾನೂನಿನ ಕಣ್ಣಿಗೆ ವ್ಯಕ್ತಿಯೂ ಆಗಿ ಯಾರೂ ಅಲ್ಲದವರೂ ಆಗಿ ಬದುಕಿದ ಹೆಂಗಸರ ಸ್ಥಿತಿಗೆ ಅದು ತಕ್ಕ ಪದವೇ.

ಕೆನಡಾದ ಎಡ್ಮಂಟನ್‌ನಲ್ಲಿ 1916ರಲ್ಲಿ ಎಮಿಲಿ ಮರ್ಫಿ ಎಂಬುವರು ಮ್ಯಾಜಿಸ್ಟ್ರೇಟ್ ಆದರು. ಬ್ರಿಟಿಷ್ ಸಾಮ್ರಾಜ್ಯದಲ್ಲೇ ಆ ಪೀಠ ಹತ್ತಿದ ಮೊದಲ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ. ಅವರ ಮುಂದೆ ನಿಂತ ವಕೀಲರೊಬ್ಬರು, ಹೆಂಗಸು ಕಾನೂನಿನ ಪ್ರಕಾರ ‘ವ್ಯಕ್ತಿ’ಯೇ ಅಲ್ಲ, ಹಾಗಾಗಿ ನಿಮ್ಮ ತೀರ್ಪಿಗೆ ಬೆಲೆ ಇಲ್ಲ ಎಂದು ಆಕ್ಷೇಪ ಎತ್ತಿದರು. ಮರ್ಫಿ ಮತ್ತು ಆಲ್ಬರ್ಟಾ ಪ್ರಾಂತ್ಯದ ಇನ್ನು ನಾಲ್ವರು ಮಹಿಳೆಯರು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಕೆನಡಾದ ಸಂವಿಧಾನವಾಗಿದ್ದ 1867ರ ಕಾಯ್ದೆ ಅರ್ಹ ‘ವ್ಯಕ್ತಿ’ಗಳನ್ನು ಸೆನೆಟ್‌ಗೆ ನೇಮಿಸಬಹುದು ಎನ್ನುತ್ತದೆ, ಆ ಪದದಲ್ಲಿ ಹೆಂಗಸರು ಸೇರಿದ್ದಾರೆಯೇ ಎಂಬುದು ಪ್ರಶ್ನೆ. 1928ರಲ್ಲಿ ಕೋರ್ಟು ಇಲ್ಲ ಎಂದಿತು. ಐವರೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರು. 1929ರ ಅಕ್ಟೋಬರ್ 18ರಂದು ಲಾರ್ಡ್ ಸ್ಯಾಂಕಿ ಅವರ ಪೀಠ ಹೌದು, ಹೆಂಗಸರೂ ವ್ಯಕ್ತಿಗಳು ಎಂದು ತೀರ್ಪು ಕೊಟ್ಟಿತು.

ಅದೇ ಪ್ರಶ್ನೆ ನಮ್ಮಲ್ಲಿ ಬೇರೊಂದು ರೂಪದಲ್ಲಿ ಎದ್ದು, 2014ರ ಏಪ್ರಿಲ್ 15ರಂದು ಉತ್ತರ ಕಂಡಿತು. ಸಂವಿಧಾನದ 14ನೆಯ ವಿಧಿ ಸಮಾನತೆಯನ್ನು ಕೊಡುವುದು ‘ಯಾವುದೇ ವ್ಯಕ್ತಿಗೆ’. ಆ ಪದ ಗಂಡು ಅಥವಾ ಹೆಣ್ಣು ಎಂಬ ಇಬ್ಬರಿಗಷ್ಟೇ ಮೀಸಲಲ್ಲ, ಲಿಂಗತ್ವ ಅಲ್ಪಸಂಖ್ಯಾತರೂ ಅದರೊಳಗೇ ಇದ್ದಾರೆ ಎಂದು ಭಾರತದ ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸಗಳಲ್ಲಿ ಅವರಿಗೆ ಶೇಕಡಾ 1ರ ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. ಎಡ್ಮಂಟನ್‌ನ ಮ್ಯಾಜಿಸ್ಟ್ರೇಟರಿಂದ ಬೆಂಗಳೂರಿನ ನೇಮಕಾತಿ ನಿಯಮದವರೆಗೆ ಪ್ರಶ್ನೆ ಬದಲಾಗಿಲ್ಲ, ಕೇಳುವವರು ಬದಲಾಗಿದ್ದಾರೆ.

ಒಂದೇ ಸೂರಿನಡಿ

1948ರ ಘೋಷಣೆಗೆ ಒಪ್ಪಿಗೆ ಸಿಕ್ಕ ಶಾಯೊ ಅರಮನೆಯಲ್ಲಿ ಒಂದು ವಸ್ತುಸಂಗ್ರಹಾಲಯವೂ ಇದೆ. ಅದರ ಹೆಸರು ‘ಮ್ಯೂಜೆ ದ ಲೊಮ್’. ಇಲ್ಲೂ ಅದೇ ‘ಒಮ್’: ಮನುಷ್ಯನ ವಸ್ತುಸಂಗ್ರಹಾಲಯ. ಮಾನವಶಾಸ್ತ್ರಜ್ಞ ಪೋಲ್ ರಿವೆ ಅದನ್ನು ಕಟ್ಟಿದರು, 1938ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಎಲ್ಲ ಜನಾಂಗಗಳೂ ಒಂದೇ ಕುಲ ಎಂದು ತೋರಿಸುವುದು ಅವರ ಆಸೆಯಾಗಿತ್ತು. ಜರ್ಮನರು ಪ್ಯಾರಿಸನ್ನು ಹಿಡಿದ 1940ರಲ್ಲಿ ಅಲ್ಲಿನ ಸಂಶೋಧಕರು, ಗ್ರಂಥಪಾಲಕರು ಸೇರಿ ಗುಪ್ತ ಪ್ರತಿರೋಧದ ಜಾಲವೊಂದನ್ನು ಹೆಣೆದರು. ಸಿಕ್ಕಿಬಿದ್ದ ಬೋರಿಸ್ ವಿಲ್ಡೆ, ಅನಾತೋಲ್ ಲೆವಿಟ್ಸ್ಕಿ ಮತ್ತು ಅವರ ಜೊತೆಗಾರರನ್ನು 1942ರ ಫೆಬ್ರವರಿ 23ರಂದು ಮೋಂ ವಲೆರಿಯಾಂ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಅದೇ ಜಾಲದ ಮಾನವಶಾಸ್ತ್ರಜ್ಞೆ ಜೆರ್ಮೆನ್ ತಿಯೋಂ ಅವರನ್ನು ರಾವೆನ್ಸ್‌ಬ್ರುಕ್ ಯಾತನಾ ಶಿಬಿರಕ್ಕೆ ಕಳಿಸಿದರು. ಆ ಶಿಬಿರದಲ್ಲೇ ಅವರ ತಾಯಿ ತೀರಿಕೊಂಡರು.

ಮನುಷ್ಯರ ಹೆಸರಿನಲ್ಲಿ ಪ್ರಾಣ ಕೊಟ್ಟವರ ಆ ಮನೆಯೊಳಗೇ ಮನುಷ್ಯಳೆಂದು ಎಣಿಸದ ಒಬ್ಬಳ ಮೂಳೆಗಳೂ ಇದ್ದವು. ದಕ್ಷಿಣ ಆಫ್ರಿಕಾದ ಖೋಯ್‌ಖೋಯ್ ಜನಾಂಗದ ಸಾರಾ ಬಾರ್ಟ್‌ಮನ್‌ಳನ್ನು 1810ರಲ್ಲಿ ಲಂಡನ್ನಿಗೆ, ಅಲ್ಲಿಂದ 1814ರಲ್ಲಿ ಪ್ಯಾರಿಸಿಗೆ ತಂದು ದುಡ್ಡಿಗೆ ಪ್ರದರ್ಶನಕ್ಕಿಟ್ಟಿದ್ದರು. ಆಕೆ ಸತ್ತ ಮೇಲೆ ಪ್ರಸಿದ್ಧ ಪ್ರಾಣಿವಿಜ್ಞಾನಿ ಜಾರ್ಜ್ ಕ್ಯೂವಿಯೆ ಆಕೆಯ ದೇಹವನ್ನು ಕೊಯ್ದು, ಮನುಷ್ಯರಿಗೂ ವಾನರರಿಗೂ ನಡುವಿನ ಹೋಲಿಕೆಗಳನ್ನು ಅದರಲ್ಲಿ ಹುಡುಕಿದ. ಆಕೆಯ ಅಸ್ಥಿಪಂಜರವೂ ದೇಹದ ಅಚ್ಚೂ ‘ಮ್ಯೂಜೆ ದ ಲೊಮ್’ಗೆ ಬಂದು, 1970ರ ದಶಕದವರೆಗೂ ನೋಡುವವರ ಕಣ್ಣ ಮುಂದಿದ್ದವು. ಅಂದರೆ ಮಹಾಸಭೆ ಎಲ್ಲರ ಘನತೆಯನ್ನು ಸಾರಿದ ದಿನ, ಅದೇ ಅರಮನೆಯಲ್ಲಿದ್ದ ಸಂಗ್ರಹದಲ್ಲಿ ಆಕೆಯ ಅಸ್ಥಿಪಂಜರವೂ ಸೇರಿತ್ತು. ಅಂದು ತಟಸ್ಥವಾಗಿ ಉಳಿದ ದೇಶಗಳಲ್ಲಿ ದಕ್ಷಿಣ ಆಫ್ರಿಕಾವೂ ಒಂದು. ವರ್ಣಭೇದದ ಸರ್ಕಾರ ಅಲ್ಲಿ ಅಧಿಕಾರಕ್ಕೆ ಬಂದದ್ದು ಅದೇ ವರ್ಷ.

ವರ್ಣಭೇದ ಕೊನೆಯಾದ ಮೇಲೆ ನೆಲ್ಸನ್ ಮಂಡೇಲಾ ಅವರು ಆಕೆಯನ್ನು ಮರಳಿಸಿ ಎಂದು ಫ್ರಾನ್ಸನ್ನು ಕೇಳಿದರು. ಅದಕ್ಕಾಗಿ 2002ರಲ್ಲಿ ಫ್ರೆಂಚ್ ಸಂಸತ್ತು ಒಂದು ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು. ಅಲ್ಲಿಯವರೆಗೆ ಆಕೆ ಕಾನೂನಿನ ಕಣ್ಣಿಗೆ ಸರ್ಕಾರಿ ಸಂಗ್ರಹದ ವಸ್ತು. ಆ ವರ್ಷದ ಆಗಸ್ಟ್ 9ರಂದು, ದಕ್ಷಿಣ ಆಫ್ರಿಕಾದ ಮಹಿಳಾ ದಿನದಂದು, ಹ್ಯಾಂಕಿ ಎಂಬ ಊರಿನಲ್ಲಿ ಆಕೆಯನ್ನು ಮಣ್ಣು ಮಾಡಿದರು. ವಸ್ತುವಾಗಿದ್ದವಳು ವ್ಯಕ್ತಿಯಾಗಿ ಮರಳಲು ಎರಡು ಶತಮಾನಕ್ಕೆ ಹತ್ತಿರದ ಕಾಲ ಹಿಡಿಯಿತು.

ನಾಜಿ ಯಾತನಾ ಶಿಬಿರಗಳಿಂದ ಬದುಕಿ ಬಂದವರೂ ‘ಮನುಷ್ಯ’ ಎಂಬ ಇದೇ ಪದವನ್ನು ಕೈಗೆತ್ತಿಕೊಂಡರು. ಬುಕೆನ್‌ವಾಲ್ಡ್ ಮತ್ತು ಡಾಖಾವ್ ಕಂಡ ರೊಬೇರ್ ಆಂತೆಲ್ಮ್ 1947ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ಎಸ್ಪೆಸ್ ಯುಮೆನ್’, ಮಾನವ ಜಾತಿ. ಕಾವಲಿನವರು ಮನುಷ್ಯನನ್ನು ಕೊಲ್ಲಬಲ್ಲರು, ಅವನನ್ನು ಮನುಷ್ಯನಲ್ಲದ ಇನ್ನೊಂದಾಗಿ ಮಾರ್ಪಡಿಸಲಾರರು ಎಂಬುದು ಅದರ ತಿರುಳು. ಜೀವಶಾಸ್ತ್ರದ ‘ಎಸ್ಪೆಸ್’ ಎಂಬ ಪದವನ್ನು ಆಂತೆಲ್ಮ್ ಬೇಕೆಂದೇ ಆರಿಸಿಕೊಂಡರು. ಮನುಷ್ಯಜಾತಿಯನ್ನು ಹಲವು ಜಾತಿಗಳಾಗಿ ಒಡೆದವರಿಗೆ ಜಾತಿ ಒಂದೇ ಎಂಬ ಉತ್ತರ ಅದು. ಇಂಗ್ಲಿಷ್ ಅನುವಾದ ‘ದಿ ಹ್ಯೂಮನ್ ರೇಸ್’ ಎಂಬ ಹೆಸರಿನಲ್ಲಿ ಬಂತು. ‘ರೇಸ್’ ಎಂಬ ಪದವೇ ಶಿಬಿರಗಳನ್ನು ಕಟ್ಟಿದ್ದು ಎಂಬುದನ್ನು ನೆನೆದರೆ, ಈ ಒಂದು ಕಡೆ ಫ್ರೆಂಚ್ ಹೆಸರಿನ ತೂಕವನ್ನು ಇಂಗ್ಲಿಷ್ ಹೊರಲಾರದೆ ಹೋಯಿತು ಎನ್ನಲೇಬೇಕು.

ಹಂಸಾ ಮೆಹ್ತಾ ತಿದ್ದಿದ ಮಾತು

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗ 1948ರ ಘೋಷಣೆಯ ಕರಡನ್ನು ಬರೆಯುತ್ತಿದ್ದದ್ದು ಈ ನೆನಪುಗಳು ಹಸಿಯಾಗಿದ್ದಾಗ. ಅಧ್ಯಕ್ಷರು ಅಮೆರಿಕದ ಎಲಿನರ್ ರೂಸ್‌ವೆಲ್ಟ್. ಮೊದಲ ಕರಡು ಸಿದ್ಧಪಡಿಸಿದವರು ಕೆನಡಾದ ಕಾನೂನು ಪ್ರಾಧ್ಯಾಪಕ ಜಾನ್ ಹಂಫ್ರಿ, ಅದನ್ನು ತಿದ್ದಿ ಕಟ್ಟಿದವರು ಫ್ರಾನ್ಸಿನ ರೆನೆ ಕಸ್ಸಾಂ. ಭಾರತದ ಪ್ರತಿನಿಧಿಯಾಗಿ ಕೂತಿದ್ದವರು ಸೂರತ್‌ನಲ್ಲಿ ಹುಟ್ಟಿದ ಹಂಸಾ ಮೆಹ್ತಾ. ನಮ್ಮ ಸಂವಿಧಾನ ಸಭೆಯ 15 ಮಹಿಳೆಯರಲ್ಲಿ ಒಬ್ಬರು, 1947ರ ಆಗಸ್ಟ್ 14ರ ಮಧ್ಯರಾತ್ರಿ ಭಾರತದ ಮಹಿಳೆಯರ ಪರವಾಗಿ ರಾಷ್ಟ್ರಧ್ವಜವನ್ನು ಅರ್ಪಿಸಿದವರು. ಆಯೋಗದ ಪ್ರತಿನಿಧಿಗಳಲ್ಲಿ ರೂಸ್‌ವೆಲ್ಟ್ ಬಿಟ್ಟರೆ ಮಹಿಳೆ ಎಂದರೆ ಅವರೊಬ್ಬರೇ.

ಕರಡಿನಲ್ಲಿ ‘ಆಲ್ ಮೆನ್’ ಎಂದಿತ್ತು. ಹಂಸಾ ಮೆಹ್ತಾ ಅದಕ್ಕೆ ಅಡ್ಡ ನಿಂತರು. ಕೆಲವು ದೇಶಗಳು ಇದನ್ನು ಗಂಡಸರು ಎಂದಷ್ಟೇ ಓದಿಕೊಂಡು ಹೆಂಗಸರನ್ನು ಹೊರಗಿಡುತ್ತವೆ ಎಂಬುದು ಅವರ ಆತಂಕ. ‘ಮೆನ್’ ಎಂದರೆ ಎಲ್ಲರೂ ಎಂದೇ ಅರ್ಥ, ಅಮೆರಿಕದ ಹೆಂಗಸರಿಗೆ ಆ ಪದದಿಂದ ಹೊರಗುಳಿದಂತೆ ಅನ್ನಿಸಿಲ್ಲ ಎಂದು ರೂಸ್‌ವೆಲ್ಟ್ ಹೇಳಿದರು. ರೂಸ್‌ವೆಲ್ಟ್ ಅವರ ಒಳ್ಳೆಯತನದ ಬಗ್ಗೆ ಅನುಮಾನವಿಲ್ಲ. ಆದರೆ ಒಳಗಿರುವವರಿಗೆ ಬಾಗಿಲು ಕಾಣುವುದಿಲ್ಲ. ಪದವನ್ನು ಹೊರಗಿನಿಂದ ಓದಿ ಗೊತ್ತಿದ್ದದ್ದು ವಸಾಹತಿನಿಂದ ಆಗಷ್ಟೇ ಬಿಡುಗಡೆಯಾದ ದೇಶದ ಹೆಣ್ಣಿಗೆ. ಡೆನ್ಮಾರ್ಕಿನ ಬೊಡಿಲ್ ಬೆಗ್‌ಟ್ರುಪ್ ನೇತೃತ್ವದ ಮಹಿಳಾ ಸ್ಥಾನಮಾನ ಆಯೋಗವೂ ಅದೇ ಒತ್ತಾಯ ಹಾಕಿತು. ‘ಆಲ್ ಮೆನ್’ ಹೋಗಿ ‘ಆಲ್ ಹ್ಯೂಮನ್ ಬೀಯಿಂಗ್ಸ್’ ಬಂತು, ಫ್ರೆಂಚಿನಲ್ಲಿ ‘ಎತ್ರ್ ಯುಮ್ಯಾಂ’ ಬಂತು.

ಗೆಲುವು ಪೂರ್ತಿಯಾಗಲಿಲ್ಲ. 25ನೆಯ ವಿಧಿ ಬದುಕಿನ ಮಟ್ಟದ ಬಗ್ಗೆ ಹೇಳುವಾಗ ಇಂದಿಗೂ ‘ಅವನ ಮತ್ತು ಅವನ ಕುಟುಂಬದ’ ಎಂದೇ ಓದುತ್ತದೆ. ಫ್ರೆಂಚ್ ತಲೆಬರಹ ಹಾಗೆಯೇ ನಿಂತಿತು. ಆದರೂ ಜಗತ್ತಿನ ನೂರಾರು ಭಾಷೆಗಳಿಗೆ ಹೋದ ಆ ಮೊದಲ ವಾಕ್ಯ ಗಂಡಸಿನ ಹೆಸರಿನಿಂದ ಶುರುವಾಗುವುದಿಲ್ಲ. ಇದಕ್ಕಾಗಿ ನಾವು ಹಂಸಾ ಮೆಹ್ತಾ ಅವರಿಗೆ ಋಣಿಗಳು. ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಇನ್ನೂ ಹೆಚ್ಚು ತಿಳಿಯಬೇಕು.

ಸಾಕ್ಷಿಯಿಂದ ಅಂತಃಕರಣದವರೆಗೆ

ಅದೇ ಮೊದಲ ವಿಧಿಯಲ್ಲಿ ಇನ್ನೊಂದು ಪದದ ಪಯಣವಿದೆ. ಮನುಷ್ಯರಿಗೆ ‘ವಿವೇಚನೆ’ ಇದೆ ಎಂದು ಮೊದಲು ಬರೆದಿದ್ದರು. ಚೀನಾದ ಪ್ರತಿನಿಧಿ, ತತ್ತ್ವಶಾಸ್ತ್ರಜ್ಞ ಮತ್ತು ನಾಟಕಕಾರ ಪೆಂಗ್ ಚುನ್ ಚಾಂಗ್, ಬುದ್ಧಿಯೊಂದೇ ಸಾಲದು ಎಂದರು. ಅವರ ಮನಸ್ಸಿನಲ್ಲಿದ್ದದ್ದು ಕನ್ಫ್ಯೂಷಿಯಸ್ ಪರಂಪರೆಯ ‘ರೆನ್’. ಮನುಷ್ಯ ಎಂಬ ಗುರುತಿನ ಪಕ್ಕ ಎರಡು ಎಂಬ ಗುರುತನ್ನು ಸೇರಿಸಿ ಚೀನೀ ಲಿಪಿಯಲ್ಲಿ ಅದನ್ನು ಬರೆಯುತ್ತಾರೆ: ನನ್ನೆದುರಿಗೆ ಇನ್ನೊಬ್ಬರಿದ್ದಾರೆ ಎಂಬ ಅರಿವು, ಅವರಿಗಾಗಿ ಮಿಡಿಯುವ ಗುಣ. ಇದಕ್ಕೆ ಒಪ್ಪುವ ಇಂಗ್ಲಿಷ್ ಪದ ಸಿಗದೆ ಕೊನೆಗೆ ‘ಕಾನ್ಶಿಯೆನ್ಸ್’ ಎಂದು ಹಾಕಿದರು. ಇಂಗ್ಲಿಷಿನಲ್ಲಿ ಅದು ಒಳಗೆ ಕೂತು ಸರಿತಪ್ಪು ಹೇಳುವ ಸಾಕ್ಷಿ. ಪಕ್ಕದವರ ನೋವು ಅದರಲ್ಲಿ ಬರಲೇಬೇಕೆಂದಿಲ್ಲ.

ಫ್ರೆಂಚಿನಲ್ಲಿ ‘ಕೊನ್ಸಿಯಾನ್ಸ್’ ಸಾಕ್ಷಿಪ್ರಜ್ಞೆಯೂ ಹೌದು, ಎಚ್ಚರವೂ ಹೌದು. ಇಂಗ್ಲಿಷ್ ಎರಡಕ್ಕೆ ಎರಡು ಪದ ಇಟ್ಟುಕೊಂಡಿದೆ, ಫ್ರೆಂಚ್ ಒಂದರಲ್ಲೇ ಎರಡನ್ನೂ ಹೇಳುತ್ತದೆ. ಹಾಗೆಯೇ ಇಂಗ್ಲಿಷಿನ ‘ಮೈಂಡ್’ಗೆ ಫ್ರೆಂಚಿನಲ್ಲಿ ಸರಿಸಮನಾದ ಪದ ಸಿಗುವುದಿಲ್ಲ. ‘ಎಸ್ಪ್ರಿ’ ಎಂದರೆ ಮನಸ್ಸು, ಚೇತನ, ಚುರುಕುಮಾತು ಎಲ್ಲವೂ. ಕನ್ನಡದ ‘ಮನಸ್ಸು’ ಇವೆರಡಕ್ಕಿಂತ ಬೇರೆ. ನಾವು ಮನಸ್ಸು ಮಾಡುತ್ತೇವೆ, ಮನಸ್ಸು ಕೊಡುತ್ತೇವೆ, ಮನಸ್ಸು ನೋಯಿಸುತ್ತೇವೆ. ಬುದ್ಧಿ, ಸಂಕಲ್ಪ, ಪ್ರೀತಿ ಮೂರೂ ನಮ್ಮಲ್ಲಿ ಅಲ್ಲೇ ವಾಸ.

ಘೋಷಣೆಯ ಕನ್ನಡ ಅನುವಾದ ಮೊದಲ ವಿಧಿಯಲ್ಲಿ ‘ಕಾನ್ಶಿಯೆನ್ಸ್’ಗೆ ಬಳಸಿದ ಪದ ‘ಅಂತಃಕರಣ’. ಸಂಸ್ಕೃತದ ತತ್ತ್ವಗ್ರಂಥಗಳಲ್ಲಿ ಅದು ಒಳಗಿನ ಇಂದ್ರಿಯ. ಕನ್ನಡದ ಬಾಯಿಮಾತಿನಲ್ಲಿ ಅದು ಕರುಣೆ, ಕಳಕಳಿ. ‘ಅಂತಃಕರಣ ಇಲ್ಲದವನು’ ಎಂದರೆ ಇನ್ನೊಬ್ಬರ ಕಷ್ಟಕ್ಕೆ ಕರಗದವನು. ಚಾಂಗ್ ಅವರಿಗೆ ಇಂಗ್ಲಿಷಿನಲ್ಲಿ ಸಿಗದೆ ಹೋದ ಅರ್ಥ ಕನ್ನಡದಲ್ಲಿ ತಾನಾಗಿ ಬಂದು ಕೂತಿದೆ. ಆ ಅನುವಾದಕ್ಕೆ ಕೈಮುಗಿಯಬೇಕು ಅನ್ನಿಸುತ್ತದೆ.

ಇದೇ ಎಚ್ಚರ ಇನ್ನೊಂದು ಕಡೆ ಬೇಕಾಗಿದೆ. ನಾಜಿ ಮುಖಂಡರ ನ್ಯೂರೆಂಬರ್ಗ್ ವಿಚಾರಣೆಗಾಗಿ 1945ರ ಆಗಸ್ಟ್ 8ರಂದು ಬರೆದ ಸನ್ನದಿನಲ್ಲಿ ‘ಹ್ಯುಮ್ಯಾನಿಟಿ’ಯ ವಿರುದ್ಧದ ಅಪರಾಧ ಎಂಬ ಮಾತು ಬಂತು. ಇಂಗ್ಲಿಷಿನ ಈ ಪದ, ಫ್ರೆಂಚಿನ ‘ಯುಮಾನಿತೆ’, ಎರಡಕ್ಕೂ ಎರಡೆರಡು ಅರ್ಥ: ದಯೆಯ ಗುಣ ಮತ್ತು ಮನುಕುಲ. ಜರ್ಮನ್ ಭಾಷೆ ಮೊದಲನೆಯ ಅರ್ಥವನ್ನು ಆರಿಸಿಕೊಂಡಿತು. ಆ ಕೊಲೆಗಡುಕರಿಗೆ ದಯೆ ಮಾತ್ರ ಕಡಿಮೆಯಾಗಿತ್ತು ಎನ್ನುವಂತಿದೆ ಇದು ಎಂದು ಚಿಂತಕಿ ಹನ್ನಾ ಆರೆಂಟ್ ಕಟುವಾಗಿ ಆಕ್ಷೇಪಿಸಿದರು. ಕನ್ನಡದ ಪತ್ರಿಕೆಗಳು ‘ಮಾನವೀಯತೆಯ ವಿರುದ್ಧದ ಅಪರಾಧ’ ಎಂದು ಬರೆಯುತ್ತವೆ. ಒಂದು ಜನಸಮುದಾಯವನ್ನೇ ಇಲ್ಲವಾಗಿಸಲು ಹೊರಟವರು ಸೌಜನ್ಯ ಮೀರಿದವರಲ್ಲ, ಮನುಕುಲದ ಮೇಲೆ ಕೈಮಾಡಿದವರು. ‘ಮನುಕುಲದ ವಿರುದ್ಧದ ಅಪರಾಧ’ ಎಂದೇ ನಾವು ಬರೆಯಬೇಕು.

ಹೆಸರಿಗಾಗಿ ಜಗಳ

ಫ್ರಾನ್ಸಿನಲ್ಲಿ ‘ಒಮ್’ ಕುರಿತ ಜಗಳ ಇನ್ನೂ ಮುಗಿದಿಲ್ಲ. 1970ರ ಆಗಸ್ಟ್ 26ರಂದು, 1789ರ ಘೋಷಣೆ ಅಂಗೀಕಾರವಾದ ಅದೇ ತಾರೀಖಿನಂದು, ಕೆಲವು ಮಹಿಳೆಯರು ಪ್ಯಾರಿಸಿನ ವಿಜಯದ್ವಾರದಲ್ಲಿರುವ ಅನಾಮಿಕ ಯೋಧನ ಸಮಾಧಿಗೆ ಹೂಮಾಲೆ ತಂದರು. ಅನಾಮಿಕ ಯೋಧನಿಗಿಂತ ಅನಾಮಿಕಳು ಅವನ ಹೆಂಡತಿ ಎಂದು ಒಂದು ಬ್ಯಾನರು ಹೇಳಿತು. ಇಬ್ಬರು ‘ಒಮ್’ಗಳಲ್ಲಿ ಒಬ್ಬರು ಹೆಂಗಸು ಎಂದು ಇನ್ನೊಂದು. ಎರಡನೆಯದು ಪದದ ಎರಡು ಅರ್ಥಗಳನ್ನು ಡಿಕ್ಕಿ ಹೊಡೆಸಿತು. ಪೊಲೀಸರು ಅವರನ್ನು ಹಿಡಿದೊಯ್ದರು, ಮರುದಿನ ಪತ್ರಿಕೆಗಳು ಫ್ರಾನ್ಸಿನ ಮಹಿಳಾ ಚಳವಳಿಯ ಬಗ್ಗೆ ಬರೆಯತೊಡಗಿದವು.

ಮಹನೀಯರ ಸಮಾಧಿಮಂದಿರ ಪಾಂತೆಯೊಂನ ಹೆಬ್ಬಾಗಿಲ ಮೇಲೆ ‘ಮಹಾನ್ ಒಮ್‌ಗಳಿಗೆ ಕೃತಜ್ಞ ತಾಯ್ನಾಡು’ ಎಂಬ ಅರ್ಥದ ಕೆತ್ತನೆಯಿದೆ. ತನ್ನ ಸ್ವಂತ ಸಾಧನೆಯಿಂದ ಆ ಬಾಗಿಲು ದಾಟಿದ ಮೊದಲ ಮಹಿಳೆ ಮೇರಿ ಕ್ಯೂರಿ, ಅದು 1995ರಲ್ಲಿ. ಜೆರ್ಮೆನ್ ತಿಯೋಂ ಅವರಿಗೆ ಆ ಗೌರವ ಸಂದದ್ದು 2015ರಲ್ಲಿ. ಕುಟುಂಬದವರು ದೇಹವನ್ನು ಕದಲಿಸಲು ಬಯಸದ್ದರಿಂದ ಶವಪೆಟ್ಟಿಗೆಯಲ್ಲಿ ಹೋದದ್ದು ಅವರ ಸಮಾಧಿಯ ಮಣ್ಣು.

ಹಳೆಯ ಹೆಸರು ಉಳಿಯಲಿ ಎನ್ನುವವರ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಫ್ರಾನ್ಸಿನ ರಾಷ್ಟ್ರೀಯ ಮಾನವ ಹಕ್ಕುಗಳ ಸಲಹಾ ಆಯೋಗ 1998ರಲ್ಲಿ ‘ದ್ರುಆ ದ ಲೊಮ್’ ಬಿಟ್ಟುಕೊಡಬಾರದು ಎಂದಿತು. 1789ರ ನೆನಪು, ಅದಕ್ಕಾಗಿ ಸತ್ತವರ ನೆನಪು ಆ ಮಾತಿಗೆ ಅಂಟಿಕೊಂಡಿದೆ ಎಂಬ ಭಾವನೆ ಅಲ್ಲಿ ಆಳವಾಗಿದೆ. ಕೆಲವರು ಮನುಕುಲ ಎಂದು ತೋರಿಸಲು ಮೊದಲಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ. ಕಿವಿಗೆ ಆ ದೊಡ್ಡ ಅಕ್ಷರ ಕೇಳಿಸುವುದಿಲ್ಲ. 2015ರಲ್ಲಿ ಮಹಿಳೆ-ಪುರುಷ ಸಮಾನತೆಯ ಉನ್ನತ ಮಂಡಳಿ ‘ದ್ರುಆ ಯುಮ್ಯಾಂ’ ಎನ್ನಿ ಎಂದು ಸರ್ಕಾರಿ ಕಚೇರಿಗಳಿಗೆ ಸಲಹೆ ಕೊಟ್ಟಿತು. ಫ್ರೆಂಚ್ ಮಾತಾಡುವ ಕೆನಡಾ ಇದನ್ನು ಎಂದೋ ಬಗೆಹರಿಸಿಕೊಂಡಿದೆ. ಕ್ವಿಬೆಕ್ 1975ರಲ್ಲಿ ತಂದ ಸನ್ನದು ‘ಪೆರ್ಸೊನ್’ನ ಹಕ್ಕುಗಳದ್ದು, 1977ರ ಕೆನಡಾದ ಕಾಯ್ದೆಯ ಫ್ರೆಂಚ್ ಹೆಸರೂ ಹಾಗೆಯೇ. ಭಾಷೆಗೆ ಏನೂ ಆಗಲಿಲ್ಲ, ಜನ ಅಭ್ಯಾಸ ಮಾಡಿಕೊಂಡರು.

ನನಗೆ ಈ ವಿಷಯದಲ್ಲಿ ಅನುಮಾನವಿಲ್ಲ. ಸತ್ತವರ ನೆನಪಿಗೆ ಗೌರವ ಸಲ್ಲಬೇಕು. ಆದರೆ ಒಲಾಂಪ್ ದ ಗೂಜ್ ಕೂಡ ಆ ಸತ್ತವರಲ್ಲಿ ಒಬ್ಬಳು, ಆಕೆ ಸತ್ತದ್ದು ಆ ಪದದ ಒಳಗೆ ಬರಲು. ಪದವನ್ನು ಅಗಲ ಮಾಡುವುದೇ ಆಕೆಗೆ ಸಲ್ಲುವ ಗೌರವ.

ನಮ್ಮ ‘ಆಳು’

ಕನ್ನಡ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ ಎಂದು ಹೆಮ್ಮೆಪಡಬಹುದು. ಹತ್ತು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ಫ್ರೆಂಚ್ ವ್ಯಾಕರಣ ಆ ಗುಂಪನ್ನು ಪುಲ್ಲಿಂಗ ಮಾಡುತ್ತದೆ. ನಮ್ಮಲ್ಲಿ ‘ಅವರು ಬಂದರು’ ಎಂದರೆ ಸಾಕು, ಬಂದವರು ಮನುಷ್ಯರು ಎಂದಷ್ಟೇ ತಿಳಿಯುತ್ತದೆ. ಘೋಷಣೆಯ ಕನ್ನಡ ಪಠ್ಯ ‘ಎಲ್ಲಾ ಮಾನವರೂ’ ಎಂದು ಶುರುವಾಗುವಾಗ ಆ ‘ರು’ ಪ್ರತ್ಯಯ ಯಾರನ್ನೂ ಹೊರಗಿಡುವುದಿಲ್ಲ. ಏಕವಚನಕ್ಕೆ ಬಂದೊಡನೆ ‘ಮನುಷ್ಯ ಬಂದ’ ಎಂದು ಅವನು ಗಂಡಸಾಗುತ್ತಾನೆ ಎಂಬುದನ್ನೂ ಮರೆಯಬಾರದು.

‘ಆಳು’ ಎಂಬ ಅಚ್ಚಗನ್ನಡ ಪದ ಇನ್ನೂ ನಿಚ್ಚಳವಾಗಿದೆ. ಅದು ಗಂಡೂ ಅಲ್ಲ ಹೆಣ್ಣೂ ಅಲ್ಲ, ದುಡಿಯುವ ಮನುಷ್ಯ ಜೀವ. ಹಳೆಯ ಇಂಗ್ಲಿಷಿನ ‘ಮನ್’ನಿಂದ ‘ವೀಫ್‌ಮನ್’ ಆದಂತೆ ನಮ್ಮ ‘ಆಳು’ ‘ಹೆಣ್ಣಾಳು’ ಆಗುತ್ತದೆ. ಆದರೆ ‘ಗಂಡಾಳು’ ನಮ್ಮಲ್ಲಿ ಕಳೆದುಹೋಗಲಿಲ್ಲ, ಗಂಡಸು ಇಡೀ ಪದವನ್ನು ನುಂಗಿಕೊಳ್ಳಲಿಲ್ಲ. ಭಾಷೆ ಕೊಟ್ಟ ಈ ಸಮಾನತೆಯನ್ನು ನಾವು ಹೊಲದಲ್ಲಿ ಉಳಿಸಿಕೊಂಡಿಲ್ಲ. ನಾಟಿಗೆ, ಕಳೆಗೆ, ಕೊಯ್ಲಿಗೆ ಆಳು ಕರೆಯುವಾಗ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಂಬುದು ಊರೂರಿನ ರೂಢಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ, ರೂಢಿ ಇನ್ನೂ ಸೋತಿಲ್ಲ.

ಒಳ್ಳೆಯ ಪದ ತಾನಾಗಿ ನ್ಯಾಯ ಕೊಡುವುದಿಲ್ಲ ಎಂಬುದಕ್ಕೆ ನಮ್ಮ ಹೊಲಗಳೇ ಸಾಕ್ಷಿ. ಕೆಟ್ಟ ಪದ ಅನ್ಯಾಯವನ್ನು ಬಚ್ಚಿಡುತ್ತದೆ ಎಂಬುದಕ್ಕೆ ಫ್ರಾನ್ಸಿನ ‘ಸಾರ್ವತ್ರಿಕ’ ಮತಾಧಿಕಾರ ಸಾಕ್ಷಿ. ಹಾಗಾಗಿ ಎರಡು ಕೆಲಸ ಒಟ್ಟಿಗೆ ಆಗಬೇಕು: ಪದವನ್ನು ತಿದ್ದುವುದು, ಪದ ಕೊಟ್ಟ ಮಾತನ್ನು ನಡೆಸಿಕೊಡುವುದು. ಹಂಸಾ ಮೆಹ್ತಾ ಮೊದಲನೆಯದನ್ನು ನಮಗಾಗಿ ಮಾಡಿಟ್ಟರು. ಎರಡನೆಯದು ನಮ್ಮ ಪಾಲಿನದು, ಅದು ಹೆಣ್ಣಾಳಿನ ಕೂಲಿಯಿಂದಲೇ ಶುರುವಾಗಲಿ.